ಸೇರಿಸದ ಹದಿಮೂರು

ಆ ದಿನ ಬೆಳಗಾದಾಗ ಬೀದಿಯಲ್ಲಿ ಮಂಜು ಬಂದು ಕೂತಿತ್ತು. ಎದ್ದು ಹೋಗುವ ಮನಸ್ಸಿಲ್ಲದ ನೆಂಟನ ಹಾಗೆ ಎಂಟು ಗಂಟೆಯಾದರೂ ಅಲ್ಲೇ ಇತ್ತು. ಮಹಡಿಯ ಕೋಣೆಯ ಕಿಟಕಿಯಲ್ಲಿ ನಿಂತವನಿಗೆ ಎದುರಿನ ಕಚೇರಿಯ ಗೋಡೆ ಕಾಣುತ್ತಿರಲಿಲ್ಲ. ಗೋಡೆಯ ಮೇಲಿನ ದೊಡ್ಡ ಗಡಿಯಾರವೊಂದೇ ಆಧಾರವಿಲ್ಲದೆ ಬಿಳುಪಿನಲ್ಲಿ ತೇಲುತ್ತಿತ್ತು. ಕೆಳಗೆ ಹೆಜ್ಜೆಗಳು ಕೇಳಿಸುತ್ತಿದ್ದವು, ಜನ ಕಾಣುತ್ತಿರಲಿಲ್ಲ. ಒಂದು ಅವಸರದ ಹೆಜ್ಜೆ, ಒಂದು ಎಳೆದು ಹಾಕುವ ಹೆಜ್ಜೆ, ಉಂಗುಟ ಕಿತ್ತ ಚಪ್ಪಲಿಯನ್ನು ಹೇಗೋ ಸಂಭಾಳಿಸಿಕೊಂಡು ಹೋಗುವ ಹೆಜ್ಜೆ. ಬೀದಿಯಲ್ಲಿ ಹೋಗುವವರನ್ನು ಕೂತು ಎಣಿಸುತ್ತಿದ್ದ ಸೂಜಿಯಕ್ಕ ಇಂಥ ದಿನ ಏನು ಮಾಡುತ್ತಿದ್ದಳೋ ಎಂದುಕೊಂಡ. ಬರೆಯುತ್ತಿರಲಿಲ್ಲ. ಕಣ್ಣಿಗೆ ಬೀಳದವರನ್ನು ಅವಳು ಸೇರಿಸುತ್ತಿರಲಿಲ್ಲ. ಹಾಗೆ ಹೇಳಿಕೊಟ್ಟವನು ಅವನೇ. ಪ್ರತಿದಿನ ಬೆಳಿಗ್ಗೆ ಈ ಕಿಟಕಿಗೆ ಮುಖ ಮಾಡಿ, ಕಣ್ಣು ಮುಚ್ಚಿ ಅವನು ಒಂದಿಷ್ಟು ಹೊತ್ತು ನಿಲ್ಲುವುದುಂಟು. ದೇವರನ್ನು ಏನೂ ಬೇಡುವುದಿಲ್ಲ. ‘ಇದ್ದೀನಪ್ಪ’ ಎಂದು ಹಾಜರಿ ಹೇಳುವುದಷ್ಟೆ. ಇವತ್ತು ಹಾಜರಿ ಹೇಳಲು ನಾಲಿಗೆ ಏಳಲಿಲ್ಲ. ಬೆನ್ನ ಹಿಂದೆ ಕುರ್ಚಿಗೆ ಚೀಲ ನೇತಾಡುತ್ತಿತ್ತು. ಚೀಲದೊಳಗೆ, ನೀಲಿ ಬಟ್ಟೆಯ ಹೊದಿಕೆ ಹೊಲಿದ ಅವಳ ಎಣಿಕೆಯ ಪುಸ್ತಕ. ಅದು ಸಿಗುತ್ತಿಲ್ಲ ಎಂದು ಅವಳಿಗೆ ಮೂರು ಸಲ ಹೇಳಿಯಾಗಿತ್ತು. ಮಧ್ಯಾಹ್ನ ಮೂರು ಗಂಟೆಗೆ ಅವಳು ಆ ಗಡಿಯಾರದ ಕೆಳಗಿನ ಬಾಗಿಲು ಹೊಕ್ಕು, ಪುಸ್ತಕವಿಲ್ಲದೆ, ತಾನು ಕಳ್ಳಿಯಲ್ಲ ಎಂದು ತೋರಿಸಿಕೊಡಬೇಕಾಗಿತ್ತು.

ಜನ ಅವನನ್ನು ಮೇಷ್ಟ್ರು ಎನ್ನುತ್ತಾರೆ. ಶಾಲೆಯ ಮೇಷ್ಟ್ರಲ್ಲ; ಬೇರೆಯವರು ಶುರು ಮಾಡಬೇಕೆಂದುಕೊಂಡದ್ದನ್ನು ಕಾಗದಕ್ಕೆ ಇಳಿಸಿಕೊಡುವವನು. ಎದುರಿನ ಕಚೇರಿ ಸಣ್ಣ ಉದ್ಯೋಗ ಮಾಡುವವರಿಗೆ ಮಳಿಗೆ ಹಂಚುತ್ತದೆ. ಮಳಿಗೆ ಬೇಕಾದವರು ವ್ಯಾಪಾರದ ಯೋಜನೆ ಬರೆದು ಕೊಡಬೇಕು. ಬರೆಯಲು ಬಾರದವರು ಬೀದಿ ದಾಟಿ, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಅವನ ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಅವನ ಕಾಗದಗಳಿಂದ ಬೇಕರಿಗಳು ಎದ್ದಿವೆ, ಕನ್ನಡಕದ ಅಂಗಡಿ ಎದ್ದಿದೆ, ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಮನೆಯೊಂದು ಗೋಡೆಗೆಲ್ಲ ಬಣ್ಣ ಬಳಿದುಕೊಂಡು ನಿಂತಿದೆ. ಅವುಗಳ ಮುಂದೆ ಹಾದು ಹೋಗುವಾಗ ಅವನು ನಡಿಗೆ ನಿಧಾನ ಮಾಡುತ್ತಾನೆ. ಒಳಗಿನವರಿಗೆ ಗುರುತು ಹತ್ತುವುದಿಲ್ಲ. ಅವನಾಗಿ ಏನನ್ನೂ ಶುರು ಮಾಡಿದವನಲ್ಲ, ಮದುವೆಯನ್ನು ಕೂಡ. ಚಿಕ್ಕಂದಿನಲ್ಲಿ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಂದೂರಲ್ಲಿ ಒಬ್ಬ ಇದ್ದನಂತೆ, ಓದು ಬರಹ ಬಲ್ಲವನು ಅವನೊಬ್ಬನೇ. ಊರಿನವರೆಲ್ಲ ದೇವರಿಗೆ ಹೇಳಿಕೊಳ್ಳುವುದನ್ನು ಅವನ ಹತ್ತಿರ ಬರೆಸಿ ಕಳಿಸುತ್ತಿದ್ದರಂತೆ: ಹಸು ಕರು ಹಾಕಲಿ, ಸೊಸೆಗೆ ಜ್ವರ ಬಿಡಲಿ, ಮಗ ಮಾತಾಡಲಿ. ಒಂದು ದಿನ ದೇವರೇ ಬಂದು, ‘ಎಲ್ಲ ಕಾಗದದ ಕೈಬರಹವೂ ಒಂದೇ ಇದೆಯಲ್ಲ, ಈ ಬರೆಯುವವನಿಗೆ ಏನೂ ಬೇಡವೇನು?’ ಎಂದು ಕೇಳಿದನಂತೆ. ಆಮೇಲೆ? ಆಮೇಲಿನದು ಅಜ್ಜಿಯ ಬಾಯಲ್ಲಿ ದಿನಕ್ಕೊಂದು ಥರ ಇರುತ್ತಿತ್ತು. ಒಂದು ದಿನ ಕಾಗದ ಮುಗಿದು ಹೋಗಿರುತ್ತಿತ್ತು. ಇನ್ನೊಂದು ದಿನ ಅವನಿಗೆ ತನ್ನ ಹೆಸರೇ ಮರೆತಿರುತ್ತಿತ್ತು. ಸೊಂಟ ನೋವಿದ್ದ ದಿನ, ‘ನಾಳೆ ಹೇಳ್ತೀನಿ, ಮಲಕ್ಕೋ’ ಎಂದು ಅಜ್ಜಿ ಗೋಡೆ ಕಡೆ ತಿರುಗಿಬಿಡುತ್ತಿದ್ದಳು.

ವರ್ಷಕ್ಕೊಮ್ಮೆ ಅದೇ ಕಚೇರಿ ಅವನಿಂದ ಪಾಠ ಹೇಳಿಸುತ್ತದೆ. ಆರು ಭಾನುವಾರ, ಉದ್ದನೆಯ ಬೆಂಚುಗಳ ಒಂದು ಕೋಣೆ, ಹನ್ನೆರಡೋ ಹದಿನೈದೋ ಜನ. ಹಲಗೆಯ ಮೇಲೆ ಐದು ಮಾತು ಬರೆಯುತ್ತಾನೆ. ಏನು, ಯಾರಿಗೆ, ಎಷ್ಟು, ಯಾವಾಗ, ತಪ್ಪಿದರೆ. ಇವಕ್ಕೆ ಉತ್ತರ ಬರೆದರೆ ಯೋಜನೆ ಆಯಿತು, ಉಳಿದದ್ದೆಲ್ಲ ಅಲಂಕಾರ ಎನ್ನುತ್ತಾನೆ. ಈ ಸಲವೂ ಅದನ್ನೇ ಹೇಳಿದ್ದ.

“ನಿಮ್ಮ ಅಂಗಡಿಗೆ ದಿನಕ್ಕೆ ಎಷ್ಟು ಜನ ಬರ್ತಾರೆ? ಯಾರಾದ್ರೂ ಹೇಳಿ.”

“ನೂರು ಜನ ಸಾರ್,” ಎಂದಿದ್ದ, ಹಣ್ಣಿನ ರಸದ ಅಂಗಡಿ ಹಾಕಬೇಕೆಂದಿದ್ದವನು.

“ಯಾರಪ್ಪ ಹೇಳಿದ್ದು ನೂರು ಅಂತ?”

“ಬಾಯಿಗೆ ಬಂತು ಸಾರ್.”

“ಬಾಯಿಗೆ ಬಂದದ್ದು ಬಾಯಲ್ಲೇ ಇರಲಿ. ಕಣ್ಣಿಗೆ ಬಿದ್ದದ್ದು ಬರೀರಿ. ಮಳಿಗೆ ಬೇಕಾದ ಜಾಗದ ಎದುರು ಹೋಗಿ ಕೂತು ಎಣಿಸಿ. ನೆಂಟರು, ಗುರುತಿನವರು ಯಾರನ್ನೂ ಸೇರಿಸಬೇಡಿ. ಅವರು ಪ್ರೀತಿಗೆ ಬರ್ತಾರೆ, ಅವರನ್ನ ನಂಬಿ ಅಂಗಡಿ ಹಾಕೋಕಾಗಲ್ಲ.”

“ಎಷ್ಟು ದಿನ ಕೂರಬೇಕು ಮೇಷ್ಟ್ರೇ?” ಎಂದು ಹಿಂದಿನ ಬೆಂಚಿನಿಂದ ಕೇಳಿದವಳು ಅವಳು. ಎರಡು ವಾರ, ಎಂದ ಅವನು. ಇಪ್ಪತ್ತೆರಡು ವರ್ಷದಿಂದ ಹಾಗೇ ಹೇಳಿಕೊಂಡು ಬಂದಿದ್ದ. ಹೋಗಿ ಕೂತವರು ಒಬ್ಬರೂ ಇರಲಿಲ್ಲ.

ಪಾಠಕ್ಕೆ ಬರುವವರು ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದರು. ನಲವತ್ತೈದರ ಆಚೆ ಈಚೆ. ಸಿದ್ಧ ಉಡುಪಿನ ಅಂಗಡಿಯೊಂದರ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತ ಬಂದವಳು. ಅಣ್ಣನ ಮನೆಯಲ್ಲಿ ಇರುವವಳು. “ಹೊಸದು ಹೊಲಿಯೋರು ಬೇಕಾದಷ್ಟು ಜನ ಇದ್ದಾರೆ. ಹರಿದದ್ದನ್ನ ಯಾರೂ ಮುಟ್ಟಲ್ಲ. ನನಗೆ ಅದು ಸಾಕು. ಬೀದಿ ಕಾಣೋ ಹಾಗೆ ಒಂದು ಕಿಟಕಿ, ಬರೀ ದುರಸ್ತಿ,” ಎಂದಿದ್ದಳು. ಕಚೇರಿ ಈ ಸಲ ಹಂಚಲಿದ್ದದ್ದು ನಾಲ್ಕು ರಸ್ತೆ ಸೇರುವಲ್ಲಿನ ಒಂದೇ ಒಂದು ಮಳಿಗೆ. ಅದಕ್ಕೆ ಎದುರಾಗಿ, ಮುಚ್ಚಿದ ಅಂಗಡಿಯೊಂದರ ಕಲ್ಲು ಮೆಟ್ಟಿಲ ಮೇಲೆ, ಕೆಲಸಕ್ಕೆ ಹೋಗುವ ಮೊದಲು ಏಳರಿಂದ ಹತ್ತರವರೆಗೆ, ಅವಳು ಹದಿನಾಲ್ಕು ದಿನ ಕೂತಳು. ಎಣಿಸಿದ್ದು ಎಲ್ಲರನ್ನೂ ಅಲ್ಲ, ಹರಿದವರನ್ನು. ಹೋದ ಗುಂಡಿ, ಕೆಟ್ಟ ಜಿಪ್ಪು, ಬಿಟ್ಟ ಹೊಲಿಗೆ, ಕಿತ್ತ ಚೀಲದ ಹಿಡಿ, ಇಳಿದ ಅಂಚು. ಐದು ಕಾಲಂ, ಪೆನ್ಸಿಲಿನಲ್ಲಿ. “ನಮ್ಮತ್ತಿಗೆ ಏನಂತಾರೆ ಗೊತ್ತಾ ಮೇಷ್ಟ್ರೇ? ‘ಬೀದೀಲಿ ಕೂತು ಕೈ ಚಾಚೋರನ್ನ ನೋಡಿದ್ದೆ ಕಣೇ, ಕೂತು ಕಂಡವರ ಹರಕು ಬರಕೊಳ್ಳೋರನ್ನ ನಿನ್ನನ್ನೇ ನೋಡಿದ್ದು’ ಅಂತ!” ನಗುತ್ತ ಪುಸ್ತಕ ಮೇಜಿನ ಮೇಲಿಟ್ಟಿದ್ದಳು. “ಒಟ್ಟು ಲೆಕ್ಕ ಒಂದು ಹಾಳೇಲಿ ನನ್ನ ಹತ್ರ ಇದೆ. ಇದು ಒಂದು ವಾರ ನಿಮ್ಮ ಹತ್ರ ಇರಲಿ. ತಪ್ಪಿದ್ರೆ ಕೆಂಪಲ್ಲಿ ಗುರುತು ಹಾಕಿ.”

ಅವನಿಗೆ ಆ ದಿನ ಏನಾಗಿತ್ತು? ಸಂತೋಷವೇ ಆಗಿತ್ತು. ತಾನು ಎಸೆದ ಮಾತೊಂದು ನೆಲಕ್ಕೆ ಬಿದ್ದು ಮೊಳೆತದ್ದನ್ನು ನೋಡಿದ ಸಂತೋಷ. ಮೂರು ದಿನ ಪುಸ್ತಕ ಮುಟ್ಟಲಿಲ್ಲ, ಓದಿದರೆ ಸಂತೋಷ ಕಡಿಮೆಯಾದೀತು ಎಂಬಂತೆ. ನಾಲ್ಕನೆಯ ದಿನ ಗಂಜಿಯಣ್ಣ ಬಂದ. ಮೂರು ಇಸ್ತ್ರಿ ಅಂಗಡಿಗಳ ಯಜಮಾನ. ಅಂಗಿಗೆ ಹಾಕಿಸುವ ಗಂಜಿ ಎಷ್ಟೆಂದರೆ ಅವನು ಕೂತರೆ ಅಂಗಿ ಸದ್ದು ಮಾಡುತ್ತದೆ, ಹಾಗಾಗಿ ಆ ಹೆಸರು. “ಮೇಷ್ಟ್ರೇ, ಮೊದಲು ಕೊಟ್ಟವರದ್ದು ಮೊದಲು ನೋಡ್ತಾರಂತೆ. ನಾಡಿದ್ದು ನನ್ನದು ಒಳಗೆ ಹೋಗಿರಬೇಕು. ಬಟ್ಟೆ ಒಗೆಯೋದು, ಇಸ್ತ್ರಿ, ಜೊತೆಗೆ ದುರಸ್ತೀನೂ ಒಂದು ಸೇರಿಸಿಬಿಡಿ, ನೋಡೋಕೆ ಚೆನ್ನಾಗಿರತ್ತೆ. ಎಣಿಸೋದು ಗುಣಿಸೋದು ನನಗೆ ಆಗಲ್ಲ. ನೀವು ಬರೆದ್ರೆ ಮುಗೀತು, ನಿಮ್ಮ ಮಾತು ಅವರು ತೆಗೆದುಹಾಕಲ್ಲ.” ಆ ಕೊನೆಯ ಮಾತು ಅವನಿಗೆ ಹಿತವಾಗಿ ಕೇಳಿಸಿತ್ತು. ಈಗ ಮಂಜು ನೋಡುತ್ತ ನಿಂತಾಗ, ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆ ಹಿತವನ್ನು ನೆನೆದು. ಗಂಜಿಯಣ್ಣನ ಯೋಜನೆ ಬರೆಯುತ್ತ ‘ಎಷ್ಟು’ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ನೀಲಿ ಪುಸ್ತಕ ಮೊಣಕೈಗೆ ತಾಗುವಷ್ಟು ಹತ್ತಿರ ಇತ್ತು. ಕೊನೆಯ ಪುಟ ತೆರೆದ. ಒಟ್ಟು ಪಟ್ಟಿ ಅಲ್ಲಿತ್ತು. ಬೀದಿ ಎಲ್ಲರದ್ದು, ಬೀದಿಯಲ್ಲಿ ಹೋಗುವವರು ಯಾರ ಸ್ವತ್ತೂ ಅಲ್ಲ, ಅಂಕಿಗೆ ಒಡೆಯ ಯಾರು ಎಂದು ಮನಸ್ಸು ಎಷ್ಟು ನಯವಾಗಿ ಹೇಳಿತೆಂದರೆ ಅದು ತನ್ನದೇ ಪಾಠದ ಆರನೆಯ ಮಾತೆನ್ನುವ ಹಾಗಿತ್ತು. ಪಟ್ಟಿ ಇಳಿಸಿಕೊಂಡ. ಕೂಡಿಸಿ ಕೂಡ ನೋಡಲಿಲ್ಲ. ಹತ್ತು ದಿನದ ಮೇಲೆ ಸೂಜಿಯಕ್ಕ ತನ್ನ ಅರ್ಜಿಯನ್ನು ಸ್ವಂತ ಕೈಯಲ್ಲೇ, ಗುಂಡು ಗುಂಡು ಅಕ್ಷರದಲ್ಲಿ ಬರೆದು ಕೊಟ್ಟಳು. ಇನ್ನೊಂದು ವಾರಕ್ಕೆ ಅವಳ ಮನೆಗೆ ಪತ್ರ ಬಂತು: ಸಮೀಕ್ಷೆಯ ಪಟ್ಟಿ ಬೇರೊಂದು ಅರ್ಜಿಯ ನಕಲಾಗಿ ಕಂಡುಬಂದಿದೆ, ಮೂಲ ದಾಖಲೆಯೊಂದಿಗೆ ಹಾಜರಾಗಿ ವಿವರಣೆ ನೀಡತಕ್ಕದ್ದು, ತಪ್ಪಿದಲ್ಲಿ ಮೂರು ವರ್ಷ ಅರ್ಜಿ ಸಲ್ಲಿಸುವಂತಿಲ್ಲ.

“ಇನ್ಯಾರೋ ಅಲ್ಲೇ ಕೂತು ಎಣಿಸಿದ್ರೇನೋ ಮೇಷ್ಟ್ರೇ. ಆದ್ರೆ ನಾನು ಯಾರನ್ನೂ ನೋಡಲಿಲ್ಲ,” ಎಂದಳು, ಪತ್ರವನ್ನು ಮಡಿಕೆಯ ಗೆರೆಯಲ್ಲೇ ಮತ್ತೆ ಮಡಿಸುತ್ತ. ಅವಳು ಪುಸ್ತಕ ಕೇಳಿದಾಗ ಅವನ ಬಾಯಿ ತಾನಾಗಿ ಹೇಳಿತು: “ಎಲ್ಲೋ ಸೇರಿಕೊಂಡಿದೆ ಕಣಮ್ಮ. ಹುಡುಕ್ತೀನಿ.” ಎರಡನೆಯ ಸಲ ಬಂದಳು. ಮೂರನೆಯ ಸಲ ಬಂದಾಗ, “ನೀವು ಕೂತ್ಕೊಳ್ಳಿ, ನಾನೇ ಹುಡುಕ್ತೀನಿ,” ಎಂದು ತೋಳು ಮಡಿಸಿ ಕಪಾಟಿಗೆ ಕೈ ಹಾಕಿದಳು. ಒಂದೊಂದೇ ಕಡತ ತೆಗೆದು, ದಾರ ಬಿಚ್ಚಿ, ನೋಡಿ, ಮೊದಲಿಗಿಂತ ಓರಣವಾಗಿ ಕಟ್ಟಿಟ್ಟಳು. “ನಿಮ್ಮ ಕಪಾಟು ಒಂದನ್ನೇ ವಹಿಸಿಕೊಂಡ್ರೆ ನನಗೆ ಆರು ತಿಂಗಳ ಕೆಲಸ ಇದೆ. ಯೋಜನೆಗೆ ಇದನ್ನೂ ಸೇರಿಸ್ಲಾ?” ಎಂದು ನಕ್ಕಳು. ಅವನೂ ನಗಬೇಕಾಯಿತು. ಎರಡು ಗಂಟೆ ಅವಳು ಅವನಿಗಾಗಿ ಧೂಳು ಕುಡಿದಳು. ಎರಡು ಗಂಟೆ ಅವನು ಕುರ್ಚಿಗೆ ಬೆನ್ನು ಒತ್ತಿ ಕೂತಿದ್ದ, ಬೆನ್ನಿಗೂ ಕುರ್ಚಿಗೂ ನಡುವೆ ಚೀಲ. ಕೊನೆಗೆ ಅವನು ನೀರು ತರಲು ಎದ್ದಾಗ ಅವಳ ಕೈ ಆ ಚೀಲದ ಮೇಲೆ ಹೋಯಿತು. ಅವನು ಲೋಟ ಹಿಡಿದು ಬಾಗಿಲಲ್ಲೇ ನಿಂತ. “ಹಿಡಿ ಬಿಡ್ತಾ ಇದೆ ಮೇಷ್ಟ್ರೇ. ಈ ಕಡೆಗೆ ನೇತುಹಾಕಿ, ಭಾರ ಆ ಹೊಲಿಗೆ ಮೇಲೆ ಬೀಳಲ್ಲ,” ಎಂದು ತಿರುಗಿಸಿ ಹಾಕಿ ಹೋದಳು. ಅವಳಿಗೆ ತಿಳಿದಿತ್ತೇ? ತಿಳಿದೂ ಹಾಗೆ ಮಾಡಿದಳೇ? ಅಂದಿನಿಂದ ಚೀಲ ಅವಳು ಹಾಕಿದ ಹಾಗೆಯೇ ನೇತಾಡುತ್ತಿತ್ತು. ಅವನಿಗೆ ಅದನ್ನು ತಿರುಗಿಸುವ ಧೈರ್ಯವಿರಲಿಲ್ಲ.

ಗಡಿಯಾರದಲ್ಲಿ ಒಂಬತ್ತಾಯಿತು. ಪುಸ್ತಕವನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟ. ಇಷ್ಟು ದಿನ ಅವನು ಕೊನೆಯ ಪುಟವನ್ನಷ್ಟೇ ನೋಡಿದ್ದ. ಮೊದಲ ಪುಟ ತೆರೆದದ್ದು ಇವತ್ತೇ, ಮೂರು ಗಂಟೆಗೆ ಮೊದಲು ಕೈಗೊಂದು ಕೆಲಸ ಬೇಕೆಂದು. ಪೆನ್ಸಿಲಿನ ಅಕ್ಷರ, ಕೆಲವು ಕಡೆ ಬೆರಳು ಉಜ್ಜಿ ಮಬ್ಬಾಗಿತ್ತು. ‘ಏಳೂ ಹತ್ತು. ಹಾಲು ತರುವ ಅಜ್ಜ, ಎರಡನೆ ಗುಂಡಿ. ಏಳೂ ಇಪ್ಪತ್ತು. ಶಾಲೆ ಮಗು, ಚೀಲದ ಹಿಡಿ, ಅಮ್ಮ ಗಂಟು ಹಾಕಿದ್ದಾಳೆ. ಏಳೂ ನಲವತ್ತು. ದಪ್ಪ ಹೆಂಗಸು, ತೋಳಿನ ಕೆಳಗೆ ಹೊಲಿಗೆ, ಗೊತ್ತಿದ್ದು ಕೈ ಎತ್ತುತ್ತಿಲ್ಲ.’ ಓದುತ್ತ ಹೋದಂತೆ ಮಂಜಿನೊಳಗೆ ಬರೀ ಹೆಜ್ಜೆಯಾಗಿದ್ದವರಿಗೆಲ್ಲ ಮೈ ಬಂತು. ಇದು ಲೆಕ್ಕವಾಗಿರಲಿಲ್ಲ. ಯಾರೋ ಒಬ್ಬರು ಕೂತು, ಅವಸರವಿಲ್ಲದೆ, ಹೋಗುವವರನ್ನೆಲ್ಲ ಕಣ್ಣಿನಿಂದ ಸವರಿ ಕಳಿಸಿದ ಹಾಗಿತ್ತು. ಆಮೇಲೆ ಅದೇ ಪುಟದ ಕೆಳಗೆ: ‘ಎಂಟು. ಮೇಷ್ಟ್ರು. ಕೋಟಿನ ಹಿಂದಿನ ಅಂಚು ಇಳಿದಿದೆ. ಗುರುತಿನವರು. ಸೇರಿಸಿಲ್ಲ.’

ಅವನು ಎದ್ದು, ಮೊಳೆಗೆ ಹಾಕಿದ್ದ ಕೋಟನ್ನು ತೆಗೆದು ಹಿಂದು ಮುಂದು ಮಾಡಿದ. ಹಿಂಭಾಗದಲ್ಲಿ ಅಂಚು ಒಂದು ಗೇಣು ಬಿಚ್ಚಿ, ನಾಯಿಯ ಕಿವಿಯಂತೆ ಜೋತಿತ್ತು. ಎಷ್ಟು ತಿಂಗಳಾಗಿತ್ತೋ. ಕಚೇರಿಯಲ್ಲಿ, ಪಾಠದ ಕೋಣೆಯಲ್ಲಿ, ಹಲಗೆಗೆ ತಿರುಗಿ ‘ಎಷ್ಟು’ ಎಂದು ಬರೆಯುವಾಗಲೆಲ್ಲ ಅದು ಹಾಗೇ ಜೋತಿತ್ತು. ಮನೆಯಿಂದ ಹೊರಡುವಾಗ, ‘ಸ್ವಲ್ಪ ನಿಲ್ಲಿ, ಹಿಂದೆ ನೋಡ್ತೀನಿ’ ಎನ್ನುವವರು ಇದ್ದರೆ ತಿಳಿಯುತ್ತಿತ್ತು. ತನ್ನ ಬೆನ್ನನ್ನು ತಾನು ನೋಡಿಕೊಳ್ಳಲಾರದಂತೆ ದೇವರು ಮನುಷ್ಯನನ್ನು ಮಾಡಿದ್ದಾನೆ, ಬಹುಶಃ ಬೇಕೆಂದೇ. ಮತ್ತೆ ಪುಸ್ತಕಕ್ಕೆ ಬಂದ. ಎರಡನೆಯ ದಿನ, ‘ಎಂಟೂ ಐದು. ಮೇಷ್ಟ್ರು. ಹಾಗೇ ಇದೆ. ಸೇರಿಸಿಲ್ಲ.’ ಮೂರನೆಯ ದಿನ, ‘ಮೇಷ್ಟ್ರು. ಹೇಳಬೇಕು ಅಂದುಕೊಂಡೆ. ಬೀದಿಯಲ್ಲಿ ಹೇಗೆ ಹೇಳುವುದು. ಸೇರಿಸಿಲ್ಲ.’ ಅವನು ಆ ಮೆಟ್ಟಿಲ ಕಡೆ ತಿರುಗಿಯೂ ನೋಡಿರಲಿಲ್ಲ. ಅವಳು ಕೂತಿರುತ್ತಾಳೆಂದು ತಿಳಿದಿದ್ದರೂ, ದಿನಾ ಅದೇ ದಾರಿಯಲ್ಲಿ, ತನ್ನದೇ ಯಾವುದೋ ಯೋಚನೆಯಲ್ಲಿ ನಡೆದು ಹೋಗಿದ್ದ. ಒಂಬತ್ತನೆಯ ದಿನದ ಪುಟದಲ್ಲಿ ಕಣ್ಣು ನಿಂತಿತು. ‘ಎಂಟೂ ಮೂವತ್ತು. ಮೇಷ್ಟ್ರು ಇವತ್ತು ಕಾಣಲಿಲ್ಲ.’ ಅದರ ಕೆಳಗೆ, ‘ಹತ್ತು. ಇನ್ನೂ ಇಲ್ಲ.’

ಆ ದಿನ ಅವನು ಜ್ವರದಲ್ಲಿ ಮಲಗಿದ್ದ. ಛಾವಣಿಯ ಬಿರುಕು ನೋಡುತ್ತ, ಬಾಯಿ ಒಣಗಿ, ನೀರಿನ ತಂಬಿಗೆ ಕೈಗೆಟುಕದಷ್ಟು ದೂರ. ಫೋನು ಎದೆಯ ಮೇಲೆಯೇ ಇತ್ತು. ಅದು ಒಂದು ಸಲವೂ ಸದ್ದು ಮಾಡಲಿಲ್ಲ. ಸಂಜೆಯ ಹೊತ್ತಿಗೆ ಅವನಿಗೊಂದು ವಿಚಿತ್ರ ಶಾಂತಿ ಬಂದಿತ್ತು: ತಾನು ಒಂದು ದಿನ ಈ ಲೋಕದಲ್ಲಿ ಇರಲಿಲ್ಲ, ಲೋಕಕ್ಕೆ ಅದು ತಿಳಿಯಲೂ ಇಲ್ಲ, ಯಾರಿಗೂ ತೊಂದರೆಯಾಗಲಿಲ್ಲ. ಆ ಶಾಂತಿಯನ್ನು ಅವನು ವೈರಾಗ್ಯವೆಂದು ಭಾವಿಸಿ, ಮಾರನೆಯ ದಿನ ಕಿಟಕಿಯಲ್ಲಿ ನಿಂತು ದೇವರಿಗೆ ಒಪ್ಪಿಸಿಯೂ ಇದ್ದ. ಈಗ ನೋಡಿದರೆ ಪೆನ್ಸಿಲಿನಲ್ಲಿ ಬರೆದಿದೆ. ‘ಕಾಣಲಿಲ್ಲ. ಇನ್ನೂ ಇಲ್ಲ.’ ಹತ್ತನೆಯ ದಿನ: ‘ಎಂಟೂ ಇಪ್ಪತ್ತು. ಬಂದರು. ನಿಧಾನ. ಸೇರಿಸಿಲ್ಲ.’ ಅವನು ಪುಸ್ತಕ ಮುಚ್ಚಿದ. ಕನ್ನಡಕ ಒರೆಸಿಕೊಂಡ. ಹೊರಗೆ ಮಂಜು ಹಾಗೇ ಇತ್ತು.

ಎರಡೂವರೆಗೆ ಮೆಟ್ಟಿಲು ಇಳಿಯುವಾಗ ಮಂಜು ಸರಿದು, ಬಿಸಿಲು ಚುರುಗುಟ್ಟುತ್ತಿತ್ತು. ಕೆಳಗಿನ ಜೆರಾಕ್ಸ್ ಅಂಗಡಿಯವನು ಗೋಣಿಚೀಲಕ್ಕೆ ಹಾಳಾದ ಕಾಗದ ತುಂಬುತ್ತಿದ್ದ. “ಏನ್ ಮೇಷ್ಟ್ರೇ, ಬೆಳಿಗ್ಗೆ ನಾನು ಬಾಗಿಲು ತೆಗೆಯೋ ಮೊದಲೇ ಬಂದುಬಿಟ್ಟಿದ್ರಿ? ಮನೇಲಿ ಜಗಳಾನಾ?”

“ಜಗಳ ಆಡೋಕೆ ಯಾರಿದ್ದಾರಪ್ಪ.”

“ಪುಣ್ಯವಂತರು! ಎರಡು ದಿನಕ್ಕೆ ನಮ್ಮ ಮನೆಯವಳನ್ನ ಕಳಿಸ್ಲಾ? ಅಭ್ಯಾಸ ಆಗಲಿ ನಿಮಗೂ.” ಅವನು ಚೀಲದ ಬಾಯಿ ಅಗಲಿಸಿದ. “ರದ್ದಿ ಇದ್ರೆ ಹಾಕಿ ಇಲ್ಲಿ. ರದ್ದಿಯವನು ಈಗ ಬರ್ತಾನೆ. ಇವತ್ತು ಹೋದ್ರೆ ನಾಳೆಗೆ ಗಿರಣೀಲಿ ಹಿಟ್ಟು.”

ಗೋಣಿಚೀಲ ಬಾಯಿ ತೆರೆದು ನಿಂತಿತ್ತು. ಮೇಷ್ಟ್ರ ಕೈ ಹೆಗಲ ಚೀಲದೊಳಗಿತ್ತು, ಬೆರಳಿಗೆ ನೀಲಿ ಬಟ್ಟೆಯ ಹೊಲಿಗೆ ತಾಗುತ್ತಿತ್ತು. ಸಣ್ಣ ಸಣ್ಣ, ಒಂದೇ ಅಳತೆಯ ಹೊಲಿಗೆ. ಒಂದು ಕ್ಷಣ. ರಸ್ತೆ ಖಾಲಿ ಇತ್ತು. ಯಾರಿಗೂ ತಿಳಿಯುವುದಿಲ್ಲ ಎಂಬ ಮಾತು ಇಪ್ಪತ್ತು ದಿನ ಅವನನ್ನು ಕಾಪಾಡಿತ್ತು. ಇವತ್ತು ಬೆಳಿಗ್ಗೆಯಿಂದ ಆ ಮಾತು ಕೆಲಸ ಮಾಡುತ್ತಿರಲಿಲ್ಲ.

“ರದ್ದಿ ಇಲ್ಲ,” ಎಂದು ರಸ್ತೆ ದಾಟಿದ.

ಕಚೇರಿಯ ಬಾಗಿಲಲ್ಲಿ ಗಂಜಿಯಣ್ಣ ಕಾಯುತ್ತಿದ್ದ. “ಬನ್ನಿ ಬನ್ನಿ. ನಾನೇನೂ ಮಾತಾಡಲ್ಲಪ್ಪ, ಕೇಳಿದ್ದಕ್ಕೆಲ್ಲ ನೀವೇ ಹೇಳಿಬಿಡಿ. ಆ ಯಮ್ಮ ನಿಮ್ಮ ಪಾಠಕ್ಕೆ ಬರ್ತಿದ್ಳಂತಲ್ಲ, ಅಲ್ಲೇ ಎಲ್ಲೋ ನೋಡಿ ಬರಕೊಂಡಿರಬೇಕು. ಪಾಪ, ಬಿಡಿ.” ಆ ‘ಪಾಪ’ದಲ್ಲಿ ಕಪಟವಿರಲಿಲ್ಲ. ಗಂಜಿಯಣ್ಣನಿಗೆ ಏನೂ ತಿಳಿಯದು. ಅಂಕಿಗಳು ಮೇಷ್ಟ್ರ ತಲೆಯಿಂದ ಬರುತ್ತವೆ, ನಲ್ಲಿಯಿಂದ ನೀರು ಬಂದ ಹಾಗೆ, ಎಂದೇ ಅವನು ನಂಬಿದ್ದ. ಒಳಗಿನ ಮೊಗಸಾಲೆಯಲ್ಲಿ ಸೂಜಿಯಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವನನ್ನು ನೋಡಿ ಎದ್ದು ಜಾಗ ಬಿಟ್ಟಳು. “ಸಿಗಲಿಲ್ಲ ಅಲ್ವಾ ಮೇಷ್ಟ್ರೇ?” ಎಂದಳು ಮೆಲ್ಲಗೆ. ಅವನು ಬಾಯಿ ತೆರೆಯುವಷ್ಟರಲ್ಲಿ ತಾನೇ ಹೇಳಿದಳು: “ಹೋಗಲಿ ಬಿಡಿ. ಕೆಲಸ ಬಿಟ್ಟು ಬಂದಿದ್ದೀರಲ್ಲ, ಅದೇ ದೊಡ್ಡದು. ನಮ್ಮಣ್ಣನೂ ಬರಲಿಲ್ಲ.” ಆಗ ಒಳಗಿನಿಂದ ಕರೆ ಬಂತು.

ಪರಿಶೀಲನಾಧಿಕಾರಿ ನೆಗಡಿಯಾದ ಒಬ್ಬ ಹೆಂಗಸು. ಮೇಜಿನ ಮೇಲೆ ಎರಡು ಅರ್ಜಿಗಳನ್ನು ಅಕ್ಕಪಕ್ಕ ಹರಡಿಕೊಂಡಿದ್ದರು. ಬಿಸಿಲು ಕಿಟಕಿಯಿಂದ ನೇರ ಕಾಗದದ ಮೇಲೆ ಬಿದ್ದಿತ್ತು. “ಎ‍ರಡು ಜನ ಒಂದೇ ಬೀದಿ ಎಣಿಸಿದ್ರೆ ಅಂಕಿ ಹತ್ತಿರ ಹತ್ತಿರ ಬರಬಹುದು. ಒಪ್ಪೋಣ,” ಎಂದರು. “ಆದ್ರೆ ಇದನ್ನ ನೋಡಿ. ಗುಂಡಿ ತೊಂಬತ್ತಾರು, ಜಿಪ್ಪು ಎಪ್ಪತ್ತೊಂದು, ಹೊಲಿಗೆ ನೂರ ಮೂವತ್ತೆಂಟು, ಹಿಡಿ ಎಂಬತ್ತಮೂರು, ಅಂಚು ಮೂವತ್ತಾರು. ಕೂಡಿಸಿದ್ರೆ ನಾನೂರ ಇಪ್ಪತ್ತನಾಲ್ಕು ಆಗಬೇಕು. ಕೆಳಗೆ ನಾನೂರ ಹನ್ನೊಂದು ಅಂತ ಇದೆ, ಎರಡು ಅರ್ಜೀಲೂ. ಸರಿ ಇರೋದು ಇಬ್ಬರಿಗೂ ಒಂದೇ ಥರ ಬರಬಹುದು. ತಪ್ಪೂ ಒಂದೇ ಥರ ಹೇಗೆ ಬರತ್ತೆ? ಈ ಹದಿಮೂರು ಜನ ಎಲ್ಲಿ ಹೋದ್ರು?”

“ಟೈಪಿಂಗ್ ತಪ್ಪು ಮೇಡಂ,” ಎಂದ ಗಂಜಿಯಣ್ಣ, ಮೇಷ್ಟ್ರ ಮುಖ ನೋಡುತ್ತ.

ಇವನು ಮನಸ್ಸಿನಲ್ಲೇ ಎಣಿಸಿದ. ಹದಿನಾಲ್ಕು ದಿನ, ಅದರಲ್ಲಿ ಒಂದು ದಿನ ಜ್ವರ.

“ಅದು ತಪ್ಪಲ್ಲ ಮೇಡಂ,” ಎಂದಳು ಸೂಜಿಯಕ್ಕ. “ಕಂಡ ತಕ್ಷಣ ಅಂಚಿನ ಕಾಲಂನಲ್ಲಿ ಗೀಟು ಹಾಕಿಬಿಡ್ತಿದ್ದೆ, ಕೈ ಅಭ್ಯಾಸ. ಆಮೇಲೆ ಒಟ್ಟಿನಲ್ಲಿ ಕಳೆದೆ. ಗುರುತಿನವರನ್ನ ಸೇರಿಸಬಾರದು.”

“ಹದಿಮೂರು ಜನಾನೂ ಗುರುತಿನವರಾ?”

“ಒಬ್ಬರೇ ಮೇಡಂ. ಹದಿಮೂರು ದಿನ.”

“ಯಾರು?”

ಅವಳು ತಲೆ ಎತ್ತಲಿಲ್ಲ. “ಅದು ಬೇಡ ಮೇಡಂ. ಒಬ್ಬರ ಮೈಮೇಲಿನ ಬಟ್ಟೆ ವಿಷಯ. ನಾಲ್ಕು ಜನರ ಮುಂದೆ ಆಡಬಾರದು.”

“ಹೇಳದಿದ್ರೆ ನಾನು ಹೇಗಮ್ಮ ನಂಬಲಿ? ಮೂಲ ಪುಸ್ತಕ ತಂದಿದ್ದೀರಾ?”

ಗೋಡೆಯ ಹೊರಗೆ ದೊಡ್ಡ ಗಡಿಯಾರದ ಮುಳ್ಳು ಜರುಗುವ ಸದ್ದು ಒಳಗೂ ಕೇಳಿಸುತ್ತಿತ್ತು. ಅವಳು ಒಂದು ಸಲ, ಒಂದೇ ಸಲ, ಅವನ ಹೆಗಲ ಚೀಲದ ಕಡೆ ನೋಡಿದಳೋ ಇಲ್ಲವೋ. “ಪುಸ್ತಕ ಕಳೆದಿದೆ ಮೇಡಂ,” ಎಂದಳು. “ನನ್ನ ಕೈಯಲ್ಲೇ ಕಳೆದದ್ದು.”

ಅವನು ಎದ್ದು ನಿಂತದ್ದು ಅವನಿಗೆ ತಿಳಿದದ್ದು ಕುರ್ಚಿ ಹಿಂದಕ್ಕೆ ಉಜ್ಜಿದ ಸದ್ದಿನಿಂದ. ಅಧಿಕಾರಿಯ ಕಡೆಗೆ ಬೆನ್ನು ಮಾಡಿ ನಿಂತ. ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಕೋಣೆಯಲ್ಲಿ ಯಾರಿಗೂ ಬೆನ್ನು ಮಾಡಿದವನಲ್ಲ. ಬಿಸಿಲು ಕೋಟಿನ ಹಿಂಭಾಗದ ಮೇಲೆ ಬೆಚ್ಚಗೆ ಬಿತ್ತು. “ಆ ಹದಿಮೂರು ನಾನು ಮೇಡಂ,” ಎಂದ ಗೋಡೆಯ ಕಡೆಗೆ. “ನೋಡಿ, ಅಂಚು ಇಳಿದಿದೆ. ಎಣಿಸಿದ್ದು ಇವರು. ಈ ಸಾಹುಕಾರರ ಅರ್ಜೀಲಿ ಇರೋದು ಇವರ ಪಟ್ಟಿ, ಹಾಕಿದ್ದು ನಾನು. ಅವರಿಗೆ ಗೊತ್ತಿಲ್ಲ. ಇವರಿಗೂ...” ಇವರಿಗೂ ಗೊತ್ತಿಲ್ಲ ಎನ್ನಲು ಹೋಗಿ ನಿಲ್ಲಿಸಿದ.

“ಮೇಷ್ಟ್ರೇ!” ಎಂದ ಗಂಜಿಯಣ್ಣ. ಅವನ ಅಂಗಿ ಸದ್ದು ಮಾಡಿತು. “ಏನ್ರೀ ಇದು? ನಿಮ್ಮನ್ನ ನಂಬಿದ್ನಲ್ರೀ ನಾನು!”

ಅಧಿಕಾರಿ ಮೂಗು ಒರೆಸಿಕೊಂಡು, ಒಂದು ಬಿಳಿಯ ಹಾಳೆಯನ್ನು ಮೇಷ್ಟ್ರ ಕಡೆ ಸರಿಸಿದರು. “ಬರವಣಿಗೆಯಲ್ಲಿ ಕೊಡಬೇಕಾಗತ್ತೆ. ಕೊಟ್ರೆ ನಮ್ಮ ಪಟ್ಟೀಲಿ ನಿಮ್ಮ ಹೆಸರು ಇರಲ್ಲ. ಪಾಠವೂ ಇರಲ್ಲ.”

“ಗೊತ್ತು ಮೇಡಂ.”

ಪೆನ್ನು ತೆಗೆದ. ‘ನಾನು’ ಎಂದು ಬರೆದ. ಸಾವಿರಾರು ಸಲ ಬರೆದ ಮಾತು; ಅರ್ಜಿದಾರನಾದ ನಾನು, ಬೇಕರಿ ಇಡಬಯಸುವ ನಾನು, ಇಬ್ಬರು ಮಕ್ಕಳ ತಾಯಿಯಾದ ನಾನು. ಆ ಯಾವ ‘ನಾನು’ವಿನ ಮುಂದೆಯೂ ಕೈ ನಿಂತದ್ದಿಲ್ಲ. ಇವತ್ತು ನಿಂತಿತು. ಅಜ್ಜಿಯ ಕಥೆಯವನಿಗೆ ಹೆಸರು ಮರೆತದ್ದು ಸುಳ್ಳಲ್ಲವೇನೋ ಅನ್ನಿಸಿತು. ಆಮೇಲೆ ಮೂರು ಸಾಲು ಬರೆದ, ಅಲಂಕಾರವಿಲ್ಲದೆ, ಕೆಳಗೆ ತನ್ನ ಹೆಸರು. ಹಾಳೆಯನ್ನು ತಿರುಗಿಸಿ ಸರಿಸಿದ. ಚೀಲಕ್ಕೆ ಕೈ ಹಾಕಿ ನೀಲಿ ಪುಸ್ತಕ ತೆಗೆದ. ಚೀಲದ ಹಿಡಿ ಕಿತ್ತು ಬಂತು. ಚೀಲ ಕಾಲ ಬಳಿ ಬಿತ್ತು, ಅವನು ಎತ್ತಿಕೊಳ್ಳಲಿಲ್ಲ.

“ಕೊಡಿ ಇಲ್ಲಿ,” ಎಂದು ಅಧಿಕಾರಿ ಕೈ ಚಾಚಿದರು.

ಅವನು ಆ ಕೈಯನ್ನು ನೋಡಿದ. ನೋಡಿ, ಈ ಕಡೆ ತಿರುಗಿದ. ಸೂಜಿಯಕ್ಕನ ಮುಖದಲ್ಲಿ ಕೋಪವಿತ್ತೋ, ದಣಿವಿತ್ತೋ, ನೋಡಲು ಅವನಿಗೆ ಆಗಲಿಲ್ಲ. ಅವಳ ಕೈಗಳನ್ನಷ್ಟೇ ನೋಡಿದ, ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಕಾಯಿಗಟ್ಟಿದ ಚರ್ಮವನ್ನು. ಎರಡೂ ಕೈಯಲ್ಲಿ ಹಿಡಿದು ಪುಸ್ತಕವನ್ನು ಅವಳಿಗೆ ಕೊಟ್ಟ. ಅವಳು ತೆಗೆದುಕೊಂಡಳು.